ಕರಾವಳಿಯ ಮಳೆಯ ಲೆಕ್ಕ ಮತ್ತು ನಮ್ಮ ಬೆಳೆಗಳು

ಸೆಪ್ಟೆಂಬರ್ 8 ಮಾತೆ ಮರಿಯಮ್ಮನವರ ಜನ್ಮದಿನ. ಕರಾವಳಿಯ ಕಥೋಲಿಕ ಕುಟುಂಬಗಳಿಗೆ ಅದೇ ಮೊಂತಿ ಫೆಸ್ತ್, ತೆನೆ ಹಬ್ಬ. ಆಗಸ್ಟ್ 30ರಿಂದ ಒಂಬತ್ತು ದಿನಗಳ ನೊವೆನಾ, ಮಕ್ಕಳು ಮಾತೆಗೆ ಅರ್ಪಿಸುವ ಹೂವುಗಳು, ಹಬ್ಬದ ದಿನ ತೆನೆಗಳ ಆಶೀರ್ವಾದ, ಮನೆಯಲ್ಲಿ ಹೊಸ ಭತ್ತದ ಕಾಳುಗಳನ್ನು ಹಾಲು ಯಾ ಪಾಯಸದಲ್ಲಿ ಬೆರೆಸಿ ಹಿರಿಯರು ಎಲ್ಲರಿಗೂ ಹಂಚುವುದು, ನಂತರ ಎಲೆಯಲ್ಲಿ ತರಕಾರಿ ಊಟ. 1763ರಲ್ಲಿ ಫರಂಗಿಪೇಟೆಯ ಮೊಂತೆ ಮರಿಯಾನೊ ಇಗರ್ಜಿಯಲ್ಲಿ ಗೋವಾ ಮೂಲದ ಧರ್ಮಗುರು ಜೋಕಿಂ ಮಿರಾಂದಾ ಅವರು ನಮ್ಮಲ್ಲಿ ಈ ಹಬ್ಬವನ್ನು ಆರಂಭಿಸಿದರೆಂದು ಪ್ರತೀತಿ.

ಹಬ್ಬದ ದಿನಾಂಕ ಬದಲಾಗುವುದಿಲ್ಲ. ತೆನೆ ಮಾತ್ರ ಮಳೆಯನ್ನು ಕಾಯುತ್ತದೆ. ನಮ್ಮಲ್ಲಿ ಹೆಚ್ಚಾಗಿ ಬೆಳೆಯುವ ಎಂ.ಒ.4 ಸುಮಾರು ನಾಲ್ಕು ತಿಂಗಳಿಗಿಂತ ಸ್ವಲ್ಪ ಹೆಚ್ಚು ಅವಧಿಯ ತಳಿ. ಕೊಯ್ಲಿಗೆ ಸುಮಾರು ಒಂದು ತಿಂಗಳು ಮೊದಲು ಅದರ ತೆನೆ ಹೊರಬರುತ್ತದೆ. ಈ ಲೆಕ್ಕ ಹಿಡಿದು ಹಿಂದಕ್ಕೆ ಹೋದರೆ, ಸೆಪ್ಟೆಂಬರ್ 8ಕ್ಕೆ ಕಾಳು ಹಾಲುಗಟ್ಟಿರಬೇಕಾದರೆ ಮೇ ಕೊನೆಯ ವಾರದಲ್ಲಿ ಅಥವಾ ಜೂನ್ ಮೊದಲ ದಿನಗಳಲ್ಲಿ ನೇಜಿಗೆ ಬೀಜ ಹಾಕಿರಬೇಕು. ಮಳೆ ಹದಿನೈದು ದಿನ ತಡವಾಯಿತೆಂದರೆ ಹಬ್ಬದ ದಿನ ತೆನೆ ಇನ್ನೂ ಗಿಡದ ಹೊಟ್ಟೆಯೊಳಗೇ ಇರುತ್ತದೆ. ಆಗ ಧರ್ಮಕೇಂದ್ರದ ಗುರಿಕಾರರು ಪಂಪಿನ ನೀರಿನಿಂದ ಮೊದಲೇ ನಾಟಿ ಮಾಡಿದ ಗದ್ದೆಯನ್ನು ಹುಡುಕಿಕೊಂಡು ಪಕ್ಕದ ಊರಿಗೆ ಹೋಗಬೇಕಾಗುತ್ತದೆ.

ಈ ಒಂದು ಉದಾಹರಣೆಯಲ್ಲಿ ಕರಾವಳಿ ಕೃಷಿಯ ಮುಖ್ಯ ಸಂಗತಿ ಇದೆ. ನಮ್ಮಲ್ಲಿ ಮಳೆಗೆ ಕೊರತೆಯಾಗುವುದು ಅಪರೂಪ. ಬೆಳೆ ಕೆಡುವುದು ಮಳೆ ಬರಬೇಕಾದ ವಾರದಲ್ಲಿ ಬಾರದೆ, ಬರಬಾರದ ವಾರದಲ್ಲಿ ಬಂದಾಗ. ವರ್ಷದ ಒಟ್ಟು ಮಳೆಯ ಅಂಕಿಯನ್ನು ನೋಡಿ "ಈ ವರ್ಷ ಒಳ್ಳೆಯ ಮಳೆ" ಎಂದು ಪೇಟೆಯಲ್ಲಿ ಹೇಳುವವರಿಗೂ ತೋಟದಲ್ಲಿ ಉದುರಿದ ಅಡಿಕೆಯನ್ನು ಹೆಕ್ಕುವವರಿಗೂ ಇರುವ ವ್ಯತ್ಯಾಸ ಇಷ್ಟೆ.

ಮಳೆ ಬರುವ ಬಗೆ

ಅರಬ್ಬೀ ಸಮುದ್ರದ ಮೇಲಿಂದ ತೇವಾಂಶ ಹೊತ್ತು ಬರುವ ನೈಋತ್ಯ ಮಾರುತವು ಪಶ್ಚಿಮ ಘಟ್ಟಕ್ಕೆ ತಾಗಿ ಮೇಲೇರುತ್ತದೆ, ಮೇಲೇರಿದಂತೆ ತಣ್ಣಗಾಗಿ ಮಳೆ ಸುರಿಸುತ್ತದೆ. ಆದುದರಿಂದ ಸಮುದ್ರ ಮತ್ತು ಘಟ್ಟದ ನಡುವಿನ ನಮ್ಮ ಕಿರಿದಾದ ಪಟ್ಟಿಯಲ್ಲಿ ವರ್ಷಕ್ಕೆ ಸರಾಸರಿ ಸುಮಾರು 4,000 ಮಿ.ಮೀ. ಮಳೆ ಬೀಳುತ್ತದೆ. ಘಟ್ಟದ ಮೇಲಿನ ಆಗುಂಬೆಯಲ್ಲಿ ಇದು 7,000 ಮಿ.ಮೀ. ದಾಟುತ್ತದೆ. ಅದೇ ಘಟ್ಟವನ್ನು ದಾಟಿ ಬಯಲುಸೀಮೆಗೆ ಇಳಿದರೆ 600ರಿಂದ 700 ಮಿ.ಮೀ. ಮಾತ್ರ. ರೋಹಿಣಿ ಮಳೆ ಬಂದರೆ ಓಣಿಯೆಲ್ಲ ಜೋಳ ಎಂಬ ಗಾದೆ ಆ ಸೀಮೆಯದು, ನಮಗೆ ಹೊಂದುವುದಿಲ್ಲ. ನಮ್ಮ ಹಿರಿಯರ ಲೆಕ್ಕ ಬೇರೆ: ಬೇಶ ತಿಂಗಳ ಹತ್ತನೆಯ ದಿನವಾದ ಪತ್ತನಾಜೆ, ಅಂದರೆ ಮೇ 24ರ ಸುಮಾರಿಗೆ, ಬೇಸಿಗೆಯ ಓಡಾಟಗಳು ಮುಗಿದು ಕೃಷಿಯ ಕೆಲಸ ಶುರುವಾಗುತ್ತಿತ್ತು. ಕಾರ್ತೆಲ್‌ನಲ್ಲಿ ನಾಟಿ, ಆಟಿಯಲ್ಲಿ ಬಿಡುವು ಮತ್ತು ಹಸಿವು, ಸೋಣದಲ್ಲಿ ತೆನೆ.

ವರ್ಷದ ಮಳೆಯಲ್ಲಿ ನೂರಕ್ಕೆ ಎಂಬತ್ತಕ್ಕೂ ಹೆಚ್ಚು ಪಾಲು ಜೂನ್‌ನಿಂದ ಸೆಪ್ಟೆಂಬರ್ ವರೆಗಿನ ನಾಲ್ಕು ತಿಂಗಳಲ್ಲೇ ಸುರಿಯುತ್ತದೆ. ಜುಲೈ ಅತ್ಯಂತ ಮಳೆಯ ತಿಂಗಳು. ಉಳಿದ ಸ್ವಲ್ಪ ಪಾಲು ಏಪ್ರಿಲ್-ಮೇ ತಿಂಗಳ ಸಂಜೆಯ ಗುಡುಗು ಮಳೆಯಾಗಿ ಮತ್ತು ಅಕ್ಟೋಬರ್-ನವೆಂಬರ್ ತಿಂಗಳ ಹಿಂಗಾರಾಗಿ ಬರುತ್ತದೆ. ಪ್ರಮಾಣದಲ್ಲಿ ಚಿಕ್ಕದಾದ ಈ ಎರಡು ಮಳೆಗಳೇ ಹಲವು ಬೆಳೆಗಳ ಭವಿಷ್ಯವನ್ನು ತೀರ್ಮಾನಿಸುತ್ತವೆ.

ಇಷ್ಟು ಮಳೆ ಬಂದರೂ ಏಪ್ರಿಲ್ ಹೊತ್ತಿಗೆ ಬಾವಿ ಬತ್ತುವುದೇಕೆ? ನಮ್ಮ ಗುಡ್ಡಗಳು ಮುರಕಲ್ಲಿನವು, ನೆಲ ಇಳಿಜಾರು. ನದಿಗಳು ಘಟ್ಟದಲ್ಲಿ ಹುಟ್ಟಿ ಸುಮಾರು ನೂರು ಕಿಲೋಮೀಟರ್ ಒಳಗೇ ಸಮುದ್ರ ಸೇರುತ್ತವೆ. ಒಂದು ಎಕರೆಯ ಮೇಲೆ 4,000 ಮಿ.ಮೀ. ಮಳೆ ಬಿದ್ದರೆ ಅದು 1.6 ಕೋಟಿ ಲೀಟರ್ ನೀರು. ಅದೇ ಎಕರೆಯಲ್ಲಿ 550 ಅಡಿಕೆ ಮರಗಳಿದ್ದು, ಹನಿ ನೀರಾವರಿಯಲ್ಲಿ ಮರಕ್ಕೆ ದಿನಕ್ಕೆ 20 ಲೀಟರ್‌ನಂತೆ ಐದು ತಿಂಗಳು ಕೊಟ್ಟರೂ ಬೇಕಾಗುವುದು ಸುಮಾರು 16.5 ಲಕ್ಷ ಲೀಟರ್. ಬಿದ್ದ ನೀರಿನ ಹತ್ತನೆಯ ಒಂದು ಪಾಲು ಅಷ್ಟೆ. ಆ ಒಂದು ಪಾಲನ್ನೂ ನಮ್ಮ ನೆಲ ಹಿಡಿದಿಡುವುದಿಲ್ಲ. 2016, 2019 ಮತ್ತು 2023ರ ಬೇಸಿಗೆಗಳಲ್ಲಿ ಮಂಗಳೂರು ನಗರದಲ್ಲೇ ನಲ್ಲಿ ನೀರನ್ನು ಸರದಿಯಂತೆ ಬಿಡಬೇಕಾಯಿತು. ಹಳ್ಳಿಯ ತೋಟಗಳ ಸ್ಥಿತಿಯನ್ನು ಬೇರೆ ವಿವರಿಸಬೇಕಾಗಿಲ್ಲ.

ಮುಂಗಾರು ಕೇರಳವನ್ನು ಮುಟ್ಟುವ ವಾಡಿಕೆಯ ದಿನ ಜೂನ್ 1. ಕೆಲವು ದಿನಗಳ ನಂತರ ಅದು ನಮ್ಮಲ್ಲಿಗೆ ಬರುತ್ತದೆ. ಇತ್ತೀಚಿನ ಎರಡು ವರ್ಷಗಳನ್ನು ಹೋಲಿಸಿದರೆ ಈ ದಿನಾಂಕ ಎಷ್ಟು ಓಲಾಡುತ್ತದೆ ಎಂಬುದು ತಿಳಿಯುತ್ತದೆ. 2023ರಲ್ಲಿ ಕೇರಳಕ್ಕೆ ಮುಂಗಾರು ಬಂದದ್ದು ಜೂನ್ 8ಕ್ಕೆ. ಆಗ ಅರಬ್ಬೀ ಸಮುದ್ರದಲ್ಲಿ ಬಿಪರ್‌ಜಾಯ್ ಚಂಡಮಾರುತ ತಿರುಗುತ್ತಿತ್ತು. ಪೆಸಿಫಿಕ್ ಸಾಗರದ ನೀರು ಬಿಸಿಯಾಗಿ ನಮ್ಮ ಮುಂಗಾರನ್ನು ದುರ್ಬಲಗೊಳಿಸುವ ಎಲ್ ನಿನೊ ಸಹ ಅದೇ ವರ್ಷ ಬಂತು. ಆಗಸ್ಟ್ ತಿಂಗಳು ದೇಶದ ಮಟ್ಟಿಗೆ 1901ರಿಂದ ಈಚೆಗೆ ಅತಿ ಕಡಿಮೆ ಮಳೆಯ ಆಗಸ್ಟ್ ಆಯಿತು. ರಾಜ್ಯದ ಬಹುಪಾಲು ತಾಲ್ಲೂಕುಗಳನ್ನು ಬರಪೀಡಿತ ಎಂದು ಘೋಷಿಸಲಾಯಿತು. ಎರಡೇ ವರ್ಷ ಕಳೆದು, 2025ರಲ್ಲಿ ಮುಂಗಾರು ಮೇ 24ರಂದೇ ಕೇರಳ ಮುಟ್ಟಿತು, 2009ರ ನಂತರ ಅಷ್ಟು ಬೇಗ ಬಂದದ್ದು ಅದೇ ಮೊದಲು. ಕೆಲವೇ ದಿನಗಳಲ್ಲಿ ನಮ್ಮ ಕರಾವಳಿಯೂ ನೆನೆಯಿತು. ತಡವಾದ ಮಳೆಯಿಂದ ಭತ್ತಕ್ಕೆ ತೊಂದರೆಯಾದರೆ, ಬೇಗ ಬಂದ ಮಳೆಯಿಂದ ಅಡಿಕೆಗೆ ತೊಂದರೆ.

ಭತ್ತ

ಗದ್ದೆಗಳಲ್ಲಿ ಮೂರು ವಿಧ. ಎತ್ತರದಲ್ಲಿರುವುದು ಬೆಟ್ಟು, ನಡುವಿನದು ಮಜಲು, ತಗ್ಗಿನದು ಬೈಲು. ಬೆಟ್ಟು ಗದ್ದೆಯಲ್ಲಿ ಮಳೆಯನ್ನೇ ನಂಬಿದ ಏಣೆಲ್ ಬೆಳೆ ಮಾತ್ರ. ಮಜಲಿನಲ್ಲಿ ನೀರಿದ್ದರೆ ಸುಗ್ಗಿ ಬೆಳೆಯೂ ಆಗುತ್ತದೆ. ಬೈಲಿನಲ್ಲಿ ಕೊಳಕೆ ಸೇರಿ ಮೂರು ಬೆಳೆ ತೆಗೆಯುವವರೂ ಇದ್ದರು. ಒಂದೇ ಮಳೆ ಈ ಮೂರು ಗದ್ದೆಗಳಿಗೆ ಮೂರು ರೀತಿ ತಾಗುತ್ತದೆ. ಜುಲೈಯಲ್ಲಿ ಹತ್ತು ದಿನ ಮಳೆ ಬಿಟ್ಟರೆ ಬೆಟ್ಟು ಗದ್ದೆ ಬಿರುಕು ಬಿಡುತ್ತದೆ, ಬೈಲಿನವರಿಗೆ ಕಳೆ ಕೀಳಲು ಅನುಕೂಲವಾಗುತ್ತದೆ. ಅದೇ ಜುಲೈಯಲ್ಲಿ ವಾರಪೂರ್ತಿ ಸುರಿದರೆ ಬೆಟ್ಟಿನ ಗದ್ದೆ ಹಸಿರಾಗಿ ನಿಲ್ಲುತ್ತದೆ, ಬೈಲಿನ ನೇಜಿ ನೀರಿನಡಿಯಲ್ಲಿ ಕೊಳೆಯುತ್ತದೆ. ಹಿಂದೆ ಒಂದೇ ಕುಟುಂಬಕ್ಕೆ ಮೂರೂ ಬಗೆಯ ಗದ್ದೆ ಸ್ವಲ್ಪ ಸ್ವಲ್ಪ ಇರುತ್ತಿತ್ತು, ಒಂದು ಹೋದರೆ ಇನ್ನೊಂದು ಉಳಿಯುತ್ತಿತ್ತು. ಪಾಲಾಗಿ ಪಾಲಾಗಿ ಈಗ ಒಬ್ಬರ ಕೈಯಲ್ಲಿ ಒಂದೇ ವಿಧದ ಗದ್ದೆ ಉಳಿದಿರುವುದೂ ಅಪಾಯವನ್ನು ಹೆಚ್ಚಿಸಿದೆ. ಹವಾಮಾನದ ಚರ್ಚೆಯಲ್ಲಿ ಈ ವಿಷಯವನ್ನು ಯಾರೂ ಎತ್ತುವುದಿಲ್ಲ.

ಏಣೆಲ್ ಬೆಳೆಗೆ ಅತಿ ನಾಜೂಕಾದ ಕಾಲ ಸೆಪ್ಟೆಂಬರ್ ಎರಡನೇ ವಾರದಿಂದ ಅಕ್ಟೋಬರ್ ಕೊನೆಯವರೆಗೆ. ಹೂ ಬಿಡುವಾಗ ಬಿರುಮಳೆ ಹೊಡೆದರೆ ಪರಾಗ ತೊಳೆದುಹೋಗಿ ಕಾಳು ಜೊಳ್ಳಾಗುತ್ತದೆ. ಕಾಳು ಗಟ್ಟಿಯಾದ ಮೇಲೆ ಮಳೆ ಗಾಳಿ ಬಂದರೆ ಪೈರು ಮಲಗುತ್ತದೆ, ಮಲಗಿದ ಪೈರಿನ ಕಾಳು ತೆನೆಯಲ್ಲೇ ಮೊಳಕೆ ಬರುತ್ತದೆ. 2020ರ ಸೆಪ್ಟೆಂಬರ್ 20ರಂದು ಉಡುಪಿ ಜಿಲ್ಲೆಯಲ್ಲಿ ಸುರಿದ ಮಳೆಯನ್ನು ನಮ್ಮ ಓದುಗರು ಮರೆತಿರಲಾರರು. ಒಂದೇ ರಾತ್ರಿಯಲ್ಲಿ ಪೇಟೆಯೂ ಗದ್ದೆಗಳೂ ಮುಳುಗಿದವು. ಜುಲೈಯಲ್ಲಿ ಅಷ್ಟೇ ಮಳೆ ಬಂದಿದ್ದರೆ ಪುನಃ ನಾಟಿ ಮಾಡಲು ಸಮಯವಾದರೂ ಇರುತ್ತಿತ್ತು. 2021ರ ನವೆಂಬರ್‌ನಲ್ಲಿ ದಕ್ಷಿಣ ಭಾರತದಾದ್ಯಂತ ಸುರಿದ ಅಕಾಲಿಕ ಮಳೆ ಕೊಯ್ಲು ತಡವಾದವರನ್ನು ಕಾಡಿತು. ಕೊಯ್ಲಿನ ಯಂತ್ರ ಹಸಿ ಗದ್ದೆಗೆ ಇಳಿಯುವುದಿಲ್ಲ, ಇಳಿದರೆ ಹೂತುಹೋಗುತ್ತದೆ. ಕೈಯಿಂದ ಕೊಯ್ಯಲು ಆಳುಗಳಿಲ್ಲ. ಬೈಹುಲ್ಲು ಕಪ್ಪಾದರೆ ಹಟ್ಟಿಯ ಹಸುಗಳಿಗೂ ಕಷ್ಟ. ಭತ್ತದ ನಷ್ಟವನ್ನು ಅಳೆಯುವಾಗ ಈ ಹುಲ್ಲಿನ ಲೆಕ್ಕ ಹೆಚ್ಚಾಗಿ ಬಿಟ್ಟುಹೋಗುತ್ತದೆ.

ತಗ್ಗಿನ ಗದ್ದೆಯವರಿಗೆ ಬ್ರಹ್ಮಾವರದ ವಲಯ ಕೃಷಿ ಮತ್ತು ತೋಟಗಾರಿಕಾ ಸಂಶೋಧನಾ ಕೇಂದ್ರವು ಸಹ್ಯಾದ್ರಿ ಪಂಚಮುಖಿ ಎಂಬ ಕೆಂಪಕ್ಕಿಯ ತಳಿಯನ್ನು ನೀಡಿದೆ. ಕೆಲವು ದಿನ ನೆರೆಯ ನೀರಿನಲ್ಲಿ ನಿಂತರೂ ಚೇತರಿಸಿಕೊಳ್ಳುವ ಗುಣ ಅದಕ್ಕಿದೆ. ಸಮುದ್ರದ ನೀರು ಹೊಳೆಯಲ್ಲಿ ಹಿಂದಕ್ಕೆ ಏರಿ ಬರುವ ಜಾಗಗಳಲ್ಲಿ ತೊಂದರೆ ಮತ್ತೊಂದು ಬಗೆಯದು. ಮಳೆಗಾಲದ ಸಿಹಿನೀರು ಉಪ್ಪನ್ನು ತೊಳೆದ ನಂತರವೇ ಅಲ್ಲಿ ಬೇಸಾಯ. ಮಳೆ ತಡವಾದರೆ ಉಪ್ಪು ಮಣ್ಣಿನಲ್ಲೇ ಉಳಿಯುತ್ತದೆ. ಕುಮಟಾದ ಅಘನಾಶಿನಿ ತೀರದ ಗಜನಿ ಭೂಮಿಯಲ್ಲಿ ಉಪ್ಪನ್ನು ತಾಳುವ ಕಗ್ಗ ಭತ್ತವನ್ನು ಬೆಳೆಯುತ್ತಾ ಬಂದಿದ್ದಾರೆ. ಇಳುವರಿ ಕಡಿಮೆ ಎಂದು ಅದನ್ನು ತಳ್ಳಿಹಾಕಿದವರು ಅದರ ಬೀಜವನ್ನಾದರೂ ಉಳಿಸಿಕೊಳ್ಳುವುದು ಒಳ್ಳೆಯದು.

ಅಡಿಕೆ

ಗದ್ದೆಗೆ ಮಣ್ಣು ತುಂಬಿಸಿ ಅಡಿಕೆ ನೆಟ್ಟವರು ನಮ್ಮ ಧರ್ಮಕೇಂದ್ರಗಳಲ್ಲಿ ಅನೇಕರು. ಭತ್ತಕ್ಕಿಂತ ಅಡಿಕೆ ಸುಲಭ ಎಂಬ ಭಾವನೆ ಇದೆ. ಆಳಿನ ಮಟ್ಟಿಗೆ ಅದು ನಿಜವಿರಬಹುದು, ಹವಾಮಾನದ ಮಟ್ಟಿಗೆ ನಿಜವಲ್ಲ. ಭತ್ತ ನಾಲ್ಕು ತಿಂಗಳು ಮಳೆಯ ಕೈಯಲ್ಲಿದ್ದರೆ ಅಡಿಕೆ ಹನ್ನೆರಡು ತಿಂಗಳೂ ಇರುತ್ತದೆ.

ಎಲ್ಲರಿಗೂ ತಿಳಿದಿರುವುದು ಕೊಳೆರೋಗ. ಫೈಟೋಫ್ತೊರಾ ಎಂಬ ಶಿಲೀಂಧ್ರದಂಥ ಸೂಕ್ಷ್ಮಜೀವಿಯಿಂದ ಬರುವ ಈ ರೋಗದಲ್ಲಿ ಎಳೆಯ ಕಾಯಿಯ ತೊಟ್ಟಿನ ಬಳಿ ನೀರಿನಿಂದ ನೆನೆದಂಥ ಕಲೆ ಕಾಣಿಸಿ, ಕಾಯಿ ಬಣ್ಣಗೆಟ್ಟು ಉದುರುತ್ತದೆ. ಬಿಡದೆ ಸುರಿಯುವ ಮಳೆ, ಗಾಳಿಯಲ್ಲಿ ತುಂಬಿದ ತೇವ, ತಂಪು, ಅದರ ನಡುವೆ ಆಗಾಗ ಇಣುಕುವ ಚುರುಕು ಬಿಸಿಲು ಇವೆಲ್ಲ ಸೇರಿದಾಗ ರೋಗ ಹಬ್ಬುತ್ತದೆ. ಆಟಿಯ ಬಿಸಿಲಿಗೆ ಆನೆಯ ಬೆನ್ನೂ ಒಡೆಯುತ್ತದೆ ಎಂಬ ತುಳು ಗಾದೆಯ ಬಿಸಿಲು ಅದೇ.

ಇದಕ್ಕೆ ಮದ್ದು ನೂರು ವರ್ಷಕ್ಕೂ ಹಳೆಯದು. ಫ್ರಾನ್ಸಿನ ಬೋರ್ಡೋ ಪ್ರದೇಶದ ದ್ರಾಕ್ಷಿ ತೋಟಗಳಲ್ಲಿ 1880ರ ದಶಕದಲ್ಲಿ ರೂಪುಗೊಂಡ ಮೈಲುತುತ್ತು-ಸುಣ್ಣದ ದ್ರಾವಣವನ್ನು ಅಡಿಕೆಯ ಕೊಳೆರೋಗಕ್ಕೆ ಹೊಂದಿಸಿದವರು ಮೈಸೂರು ಸಂಸ್ಥಾನದ ಕೃಷಿ ವಿಜ್ಞಾನಿ ಲೆಸ್ಲಿ ಕೋಲ್‌ಮನ್. 1908ರಲ್ಲಿ ಮೈಸೂರಿಗೆ ಬಂದ ಅವರು 1910ರಲ್ಲೇ ಈ ರೋಗದ ಕುರಿತು ತಮ್ಮ ವರದಿಯನ್ನು ಪ್ರಕಟಿಸಿದ್ದರು. ಶೇಕಡಾ ಒಂದರ ದ್ರಾವಣಕ್ಕೆ ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ, ನೂರು ಲೀಟರ್ ನೀರು. ಮೈಲುತುತ್ತನ್ನು 50 ಲೀಟರ್ ನೀರಿನಲ್ಲಿ, ಸುಣ್ಣವನ್ನು ಇನ್ನೊಂದು 50 ಲೀಟರ್‌ನಲ್ಲಿ ಬೇರೆ ಬೇರೆಯಾಗಿ ಕರಗಿಸಿ, ಮೈಲುತುತ್ತಿನ ನೀರನ್ನು ಸುಣ್ಣದ ನೀರಿಗೆ ಸುರಿಯುತ್ತಾ ಕದಡಬೇಕು. ಕಬ್ಬಿಣದ ಪಾತ್ರೆ ಸಲ್ಲದು. ಹೊಳೆಯುವ ಚೂರಿಯೊಂದನ್ನು ಅದರಲ್ಲಿ ಅದ್ದಿ ನೋಡಿ, ಅಲಗಿಗೆ ತಾಮ್ರದ ಬಣ್ಣ ಹಿಡಿದರೆ ಸುಣ್ಣ ಸಾಲದು ಎಂದರ್ಥ. ಮಾಡಿದ ದಿನವೇ ಬಳಸಿ ಮುಗಿಸಬೇಕು.

ಮದ್ದು ಬಿಡುವ ಕ್ರಮ ಹೀಗಿದೆ: ಮಳೆಗಾಲ ಹಿಡಿಯುವ ಮೊದಲು ಒಮ್ಮೆ, 40ರಿಂದ 45 ದಿನಗಳ ನಂತರ ಎರಡನೆಯ ಸಲ, ಮಳೆ ಮುಂದುವರಿದರೆ ಮೂರನೆಯ ಸಲ. ಹವಾಮಾನ ಮತ್ತು ಅಡಿಕೆಯ ಸಂಬಂಧ ಇಕ್ಕಟ್ಟಾಗುವುದು ಇಲ್ಲೇ. ಮೊದಲ ಮದ್ದಿಗೆ ಮೇ ಕೊನೆಯಿಂದ ಜೂನ್ ಮೊದಲ ವಾರದವರೆಗಿನ ಒಣ ದಿನಗಳು ಬೇಕು. 2025ರಲ್ಲಿ ಆದಂತೆ ಮೇ 24ರ ಹೊತ್ತಿಗೇ ಮಳೆ ಹಿಡಿದರೆ ಆ ದಿನಗಳೇ ಇರುವುದಿಲ್ಲ. ಮರ ಜಾರುತ್ತದೆ, ಏರುವವರು ಒಪ್ಪುವುದಿಲ್ಲ, ಒಪ್ಪಿದರೂ ಒಬ್ಬರನ್ನೇ ಇಡೀ ಊರಿನವರು ಕಾಯುತ್ತಿರುತ್ತಾರೆ. ಎರಡನೆಯ ಮದ್ದಿಗೆ ಜುಲೈ ಮಧ್ಯದಲ್ಲಿ ಕೆಲವು ಗಂಟೆಗಳ ಬಿಡುವಾದರೂ ಬೇಕು. ಬಿಡದೆ ಸುರಿದ 2018ರ ಮಳೆಗಾಲದಲ್ಲಿ ಆ ಬಿಡುವು ಸಿಗದೆ ಅನೇಕ ತೋಟಗಳಲ್ಲಿ ಅರ್ಧಕ್ಕೂ ಹೆಚ್ಚು ಫಸಲು ನೆಲ ಸೇರಿತು. 2025ರಲ್ಲೂ ಕೊಳೆರೋಗ ಕರಾವಳಿಯುದ್ದಕ್ಕೂ ಹರಡಿತು. ನೆಲದಲ್ಲೇ ನಿಂತು ಮದ್ದು ಬಿಡಲು ಮತ್ತು ಗೊನೆ ಇಳಿಸಲು ಕಾರ್ಬನ್ ಫೈಬರಿನ ದೋಟಿ ಈಗ ಬಂದಿದೆ. ಬೆಲೆ ದುಬಾರಿ, ಆದರೆ ನಾಲ್ಕಾರು ಮನೆಯವರು ಸೇರಿ ಕೊಂಡರೆ ಬಿಡುವು ಸಿಕ್ಕ ದಿನ ಯಾರನ್ನೂ ಕಾಯಬೇಕಾಗಿಲ್ಲ.

ಬೇಸಿಗೆಯ ತೊಂದರೆ ಕಣ್ಣಿಗೆ ಅಷ್ಟು ಬೇಗ ಕಾಣಿಸುವುದಿಲ್ಲ. ಡಿಸೆಂಬರ್‌ನಿಂದ ಮಾರ್ಚ್ ವರೆಗೆ ಹಿಂಗಾರ ಅರಳಿ ಕಾಯಿ ಕಚ್ಚುತ್ತದೆ. ಆಗ ನೀರು ಸಾಲದಿದ್ದರೆ, ಅಥವಾ ಮಾರ್ಚ್-ಏಪ್ರಿಲ್‌ನಲ್ಲಿ ಬಿಸಿಲು ವಿಪರೀತವಾದರೆ ನಳ್ಳಿ ಉದುರುತ್ತದೆ. ಮಳೆಗಾಲದಲ್ಲಿ ಕೊಳೆಯಲು ಕಾಯಿಯೇ ಇರುವುದಿಲ್ಲ. ಇತ್ತೀಚಿನ ವರ್ಷಗಳಲ್ಲಿ ಘಟ್ಟದ ತಪ್ಪಲಿನ ತೋಟಗಳಿಗೆ ಎಲೆಚುಕ್ಕಿ ರೋಗವೂ ಬಂದು, ಸುಳ್ಯದಲ್ಲಿ ಮೊದಲಿನಿಂದ ಇರುವ ಹಳದಿ ಎಲೆ ರೋಗದ ಜೊತೆ ಸೇರಿದೆ.

ಕೊನೆಯದಾಗಿ ಒಣಗಿಸುವ ಕೆಲಸ. ಮಲೆನಾಡಿನವರು ಎಳೆ ಅಡಿಕೆಯನ್ನು ಬೇಯಿಸಿ ಕೆಂಪಡಿಕೆ ಮಾಡುತ್ತಾರೆ. ನಮ್ಮದು ಚಾಲಿ, ಹಣ್ಣಡಿಕೆಯನ್ನು ಅಂಗಳದಲ್ಲಿ ನಲವತ್ತು ದಿನಕ್ಕೂ ಹೆಚ್ಚು ಬಿಸಿಲಿಗೆ ಹಾಕಬೇಕು. ನವೆಂಬರ್-ಡಿಸೆಂಬರ್‌ನಲ್ಲಿ ಸಂಜೆಯ ಮಳೆ ಬಂದರೆ ಅಂಗಳದಲ್ಲೇ ಬೂಸಲು ಹಿಡಿದು ದರ ಇಳಿಯುತ್ತದೆ. ಪ್ಲಾಸ್ಟಿಕ್ ಹೊದೆಸಿದ ಸೋಲಾರ್ ಗೂಡುಗಳು ಈಗ ಬಹಳ ಮನೆಗಳಲ್ಲಿ ಕಾಣಿಸುತ್ತಿರುವುದು ಇದರಿಂದಲೇ.

ಇತರ ಬೆಳೆಗಳು

ಅಡಿಕೆ ಮರಕ್ಕೆ ಹಬ್ಬಿದ ಕಾಳುಮೆಣಸಿನ ಬಳ್ಳಿಗೆ ಮಳೆಯೇ ಹೂ ಬಿಡಿಸಬೇಕು. ಮೇ-ಜೂನ್‌ನಲ್ಲಿ ಇಪ್ಪತ್ತು ದಿನಗಳೊಳಗೆ ಸುಮಾರು 70 ಮಿ.ಮೀ. ಮಳೆ ಬಿದ್ದರೆ ಬಳ್ಳಿ ಚಿಗುರಿ ಕರೆ ಬಿಡುತ್ತದೆ. ಒಮ್ಮೆ ಕರೆ ಬಿಟ್ಟ ಮೇಲೆ ಮಳೆ ಕಡಿಯಬಾರದು, ಕೆಲವೇ ದಿನ ಒಣಗಿದರೂ ಇಳುವರಿ ತಗ್ಗುತ್ತದೆ. ಮೇ ತಿಂಗಳಲ್ಲಿ ಹುಮ್ಮಸ್ಸಿನಿಂದ ಸುರಿದು ಜೂನ್‌ನಲ್ಲಿ ಕೈಕೊಡುವ ಮಳೆ ಮೆಣಸಿಗೆ ಅತ್ಯಂತ ಕೆಟ್ಟದ್ದು. ಮತ್ತೆ ಜುಲೈ-ಆಗಸ್ಟ್‌ನಲ್ಲಿ ಬುಡದಲ್ಲಿ ನೀರು ನಿಂತರೆ ಶೀಘ್ರ ಸೊರಗು ರೋಗದಿಂದ ಇಡೀ ಬಳ್ಳಿಯೇ ಹೋಗುತ್ತದೆ.

ಪೋರ್ಚುಗೀಸರು ಬ್ರೆಜಿಲಿನಿಂದ ತಂದ ಗೇರು ಒಣ ಗುಡ್ಡದ ಮರ. ಅದು ಮಳೆಗಾಲವನ್ನು ಲೆಕ್ಕಿಸುವುದಿಲ್ಲ. ಅದಕ್ಕೆ ಭಯ ನವೆಂಬರ್‌ನಿಂದ ಫೆಬ್ರವರಿ ವರೆಗಿನ ಮೋಡದ್ದು. ಹೂ ಬಿಟ್ಟಾಗ ಮೋಡ ಕವಿದರೆ ಟೀ ಸೊಳ್ಳೆ ಎಂಬ ಕೀಟ ಹೆಚ್ಚಿ ಹೂಗೊಂಚಲು ಸುಟ್ಟಂತೆ ಕಪ್ಪಾಗುತ್ತದೆ. ಪುತ್ತೂರಿನ ಗೇರು ಸಂಶೋಧನಾ ಕೇಂದ್ರದ ಸಲಹೆಯಂತೆ ಚಿಗುರುವಾಗ, ಹೂ ಬಿಡುವಾಗ ಗಮನವಿಟ್ಟು ನೋಡಿಕೊಂಡರೆ ಇದನ್ನು ತಡೆಯಬಹುದು. ನಮ್ಮಲ್ಲಿ ಗೇರು ಮರವನ್ನು ಹೆಕ್ಕುವ ದಿನ ಮಾತ್ರ ನೋಡುವ ರೂಢಿ.

ತೆಂಗಿನ ವಿಷಯದಲ್ಲಿ ಜನರಿಗೆ ಒಂದು ತಪ್ಪು ಗ್ರಹಿಕೆ ಇದೆ. ಬೇಸಿಗೆ ಕಳೆದು ಮಳೆ ಬಂತು, ಇನ್ನು ತೆಂಗು ಸರಿಹೋಯಿತು ಎಂದುಕೊಳ್ಳುತ್ತೇವೆ. ಆದರೆ ತೆಂಗಿನ ಹೂಗೊಂಚಲು ಮರದೊಳಗೆ ಮೊಳೆತು ಹೊರಗೆ ಬಿಚ್ಚಿಕೊಳ್ಳಲು ಸುಮಾರು 32 ತಿಂಗಳು ಬೇಕು, ಬಿಚ್ಚಿದ ಹೂ ಬಲಿತ ಕಾಯಿಯಾಗಲು ಇನ್ನೊಂದು ವರ್ಷ. ಒಂದು ಬೇಸಿಗೆಯ ಬಾಯಾರಿಕೆ ಮುಂದಿನ ಎರಡು-ಮೂರು ವರ್ಷಗಳ ಗೊನೆಗಳಲ್ಲಿ ಕಾಣಿಸಿಕೊಳ್ಳುತ್ತದೆ. 2025ರಲ್ಲಿ ತೆಂಗಿನಕಾಯಿಯ ದರ ಮೇಲೇರಿದಾಗ ಅದಕ್ಕೆ ಹಲವು ಕಾರಣಗಳನ್ನು ಹೇಳಲಾಯಿತು. 2023 ಮತ್ತು 2024ರ ಕಡು ಬೇಸಿಗೆಗಳೂ ಅವುಗಳಲ್ಲಿ ಒಂದು.

ಶಂಕರಪುರ ಮತ್ತು ಸುತ್ತಲಿನ ಊರುಗಳಲ್ಲಿ ಅನೇಕ ಕ್ರೈಸ್ತ ಕುಟುಂಬಗಳನ್ನು ಸಾಕಿದ್ದು ಮಲ್ಲಿಗೆ. ಅದು ಬಿಸಿಲಿನ ಬೆಳೆ. ಬೇಸಿಗೆಯಲ್ಲಿ ಮೊಗ್ಗು ಹೇರಳ, ಮಳೆ ಹಿಡಿದರೆ ಮೊಗ್ಗು ಇಳಿದುಹೋಗುತ್ತದೆ. ದರ ಏರುವುದು ಹೂವಿಲ್ಲದ ದಿನಗಳಲ್ಲೇ ಆದುದರಿಂದ ಅಟ್ಟೆಯ ದರವನ್ನು ಪತ್ರಿಕೆಯಲ್ಲಿ ಓದಿದವರು ಬೆಳೆಗಾರರಿಗೆ ಲಾಭ ಎಂದು ತಿಳಿಯಬಾರದು. ಸಮೀಪದ ಮಟ್ಟು ಊರಿನ ಗುಳ್ಳ ಬದನೆ ಏಣೆಲ್ ಭತ್ತ ಕೊಯ್ದ ಗದ್ದೆಯಲ್ಲಿ ಬೆಳೆಯುವಂಥದ್ದು. ಭತ್ತದ ಕೊಯ್ಲು ತಡವಾದರೆ ಗುಳ್ಳದ ನಾಟಿಯೂ ತಡ. ನವೆಂಬರ್ ಮಳೆ ಎಳೆ ಸಸಿಯನ್ನು ಕೊಳೆಸುತ್ತದೆ. ಇತ್ತ ಬೆಳ್ತಂಗಡಿ ಕಡೆಯಲ್ಲಿ ಕೇರಳದಿಂದ ಬಂದು ನೆಲೆಸಿದ ನಮ್ಮ ಸಿರೋ ಮಲಬಾರ್ ಬಾಂಧವರ ರಬ್ಬರಿಗೆ ಮಳೆ ದಿನ ಎಂದರೆ ಟ್ಯಾಪಿಂಗ್ ಇಲ್ಲದ ದಿನ. ಮರಕ್ಕೆ ಪ್ಲಾಸ್ಟಿಕ್ ಕಟ್ಟಿದರೂ ಬೆಳಗ್ಗಿನ ಮಳೆಗೆ ಹಾಲು ತೊಳೆದುಹೋಗುವುದುಂಟು.

ಮುನ್ಸೂಚನೆ ಮತ್ತು ವಿಮೆ

ಹವಾಮಾನ ಇಲಾಖೆಯ ಭಾಷೆಯನ್ನು ಸ್ವಲ್ಪ ತಿಳಿದಿರುವುದು ಉಪಯುಕ್ತ. 24 ಗಂಟೆಗಳಲ್ಲಿ 64.5 ಮಿ.ಮೀ. ದಾಟಿದರೆ ಭಾರಿ ಮಳೆ, 115.6 ಮಿ.ಮೀ.ನಿಂದ ಅತಿ ಭಾರಿ, 204.4 ಮಿ.ಮೀ. ಮೀರಿದರೆ ಅತ್ಯಂತ ಭಾರಿ. ಯೆಲ್ಲೊ, ಆರೆಂಜ್, ರೆಡ್ ಎಲರ್ಟ್ ಎಂಬುದು ಈ ಪ್ರಮಾಣದ ಜೊತೆಗೆ ಅದರಿಂದ ಆಗಬಹುದಾದ ಹಾನಿಯ ಎಚ್ಚರಿಕೆ. ನಮ್ಮಲ್ಲಿ ರೆಡ್ ಎಲರ್ಟ್ ಎಂದರೆ ಶಾಲೆಗೆ ರಜೆ ಎಂಬ ಅರ್ಥ ಮಾತ್ರ ಉಳಿದಿದೆ. ಕೃಷಿಕರಿಗೆ ಅದು ಮದ್ದು ಬಿಡಬೇಡಿ, ಗೊಬ್ಬರ ಹಾಕಬೇಡಿ, ಬಸಿಗಾಲುವೆ ಬಿಡಿಸಿ ಎಂಬ ಸೂಚನೆಯೂ ಹೌದು. 2019ರಲ್ಲಿ ಆರಂಭವಾದ ಮೇಘದೂತ್ ಮೊಬೈಲ್ ಆಪ್‌ನಲ್ಲಿ ಜಿಲ್ಲಾವಾರು ಕೃಷಿ ಹವಾಮಾನ ಸಲಹೆ ಕನ್ನಡದಲ್ಲಿ ಸಿಗುತ್ತದೆ. ಹಿರಿಯರಿಗೆ ಇದನ್ನು ತೆರೆದು ಓದಿ ಹೇಳುವ ಕೆಲಸವನ್ನು ಯುವ ಸಂಘಟನೆಯವರು ವಹಿಸಿಕೊಳ್ಳಬಹುದು.

ಅಡಿಕೆ ಮತ್ತು ಕಾಳುಮೆಣಸಿಗೆ 2016ರಿಂದ ಹವಾಮಾನ ಆಧಾರಿತ ಬೆಳೆ ವಿಮೆಯ ಹೊಸ ರೂಪ ಜಾರಿಗೆ ಬಂದಿದೆ. ಇತ್ತೀಚಿನ ವರ್ಷಗಳಲ್ಲಿ ಅಡಿಕೆಗೆ ಹೆಕ್ಟೇರಿಗೆ 1,28,000 ರೂಪಾಯಿ ವಿಮಾ ಮೊತ್ತಕ್ಕೆ ರೈತರ ಕಂತು ಶೇಕಡಾ 5, ಅಂದರೆ 6,400 ರೂಪಾಯಿ. ಇದರಲ್ಲಿ ತಪ್ಪದೆ ತಿಳಿದಿರಬೇಕಾದ ಅಂಶವೆಂದರೆ, ನಿಮ್ಮ ತೋಟದಲ್ಲಿ ಎಷ್ಟು ಅಡಿಕೆ ಉದುರಿತು ಎಂದು ಯಾರೂ ಬಂದು ಎಣಿಸುವುದಿಲ್ಲ. ಗ್ರಾಮ ಪಂಚಾಯತ್ ಮಟ್ಟದ ಮಳೆಮಾಪಕದಲ್ಲಿ ದಾಖಲಾದ ಮಳೆ, ತಾಪಮಾನ ಮುಂತಾದ ಅಳತೆಗಳ ಮೇಲೆ ಪರಿಹಾರ ನಿರ್ಧಾರವಾಗುತ್ತದೆ. ಪಂಚಾಯತಿನ ಒಂದು ಮೂಲೆಯಲ್ಲಿ ಸುರಿದ ಮಳೆ ಇನ್ನೊಂದು ಮೂಲೆಯಲ್ಲಿ ಇಲ್ಲದಿರಬಹುದು. ಮಾಪಕ ಕೆಟ್ಟು ನಿಂತರೆ ಪಕ್ಕದ ಊರಿನ ಮಳೆಯೇ ನಮ್ಮ ಲೆಕ್ಕವಾಗಬಹುದು. ಆದುದರಿಂದ ತಮ್ಮ ಪಂಚಾಯತಿನ ಮಾಪಕ ಎಲ್ಲಿದೆ, ಕೆಲಸ ಮಾಡುತ್ತಿದೆಯೇ ಎಂದು ಮೇ ತಿಂಗಳಲ್ಲೇ ವಿಚಾರಿಸಿಕೊಳ್ಳಬೇಕು. ಪಹಣಿಯಲ್ಲಿ ಬೆಳೆಯ ಹೆಸರು ಸರಿಯಾಗಿ ದಾಖಲಾಗಿದೆಯೇ ಎಂಬುದನ್ನೂ ನೋಡಿಕೊಳ್ಳಬೇಕು. ಗದ್ದೆಯನ್ನು ತೋಟ ಮಾಡಿದ ಕಡೆ ಹೆಚ್ಚಿನವರು ಎಡವುವುದು ಇಲ್ಲಿ.

ಧರ್ಮಕೇಂದ್ರದಲ್ಲಿ ಏನು ಸಾಧ್ಯ

ಬಲಿಪೂಜೆಯ ಗ್ರಂಥದಲ್ಲಿ ಮಳೆಗಾಗಿ ಪ್ರಾರ್ಥನೆ ಇದೆ, ಮಳೆ ನಿಂತು ಒಳ್ಳೆಯ ಹವೆ ಬರಲೆಂಬ ಪ್ರಾರ್ಥನೆಯೂ ಇದೆ. ಎರಡನ್ನೂ ಬೇರೆ ಬೇರೆಯಾಗಿ ಇಟ್ಟವರಿಗೆ ಕೃಷಿಕರ ಕಷ್ಟ ತಿಳಿದಿತ್ತು. ದಿವಂಗತ ಜಗದ್ಗುರು ಪೋಪ್ ಫ್ರಾನ್ಸಿಸ್ ಅವರು 2015ರಲ್ಲಿ 'ಲೌದಾತೊ ಸಿ' ವಿಶ್ವಪತ್ರವನ್ನು ಹೊರಡಿಸಿ, ಅದೇ ವರ್ಷ ಸೆಪ್ಟೆಂಬರ್ 1ನ್ನು ಸೃಷ್ಟಿಯ ಪೋಷಣೆಗಾಗಿ ಪ್ರಾರ್ಥನೆಯ ದಿನವಾಗಿ ಘೋಷಿಸಿದರು. ನಮ್ಮಲ್ಲಿ ಅದು ಮೊಂತಿ ಫೆಸ್ತ್ ನೊವೆನಾದ ನಡುವೆಯೇ ಬರುತ್ತದೆ. ಅಂದು ಗಿಡ ನೆಡುವ ಕಾರ್ಯಕ್ರಮ ಎಲ್ಲೆಡೆ ನಡೆಯುತ್ತದೆ, ಫೋಟೋ ಸಹ ಬರುತ್ತದೆ. ಮಾರ್ಚ್‌ನಲ್ಲಿ ಆ ಗಿಡಕ್ಕೆ ನೀರು ಹಾಕುವವರು ಯಾರೆಂಬುದನ್ನು ಪಾಲನಾ ಸಮಿತಿ ಅಂದೇ ತೀರ್ಮಾನಿಸಿದರೆ ಇನ್ನೂ ಒಳ್ಳೆಯದು.

ನೀರಿನ ವಿಷಯದಲ್ಲಿ ಇಗರ್ಜಿಗಳಿಗೆ ದೊಡ್ಡ ಅನುಕೂಲವಿದೆ, ಅವುಗಳ ಮಾಡು ದೊಡ್ಡದು. 500 ಚದರ ಮೀಟರ್ ಮಾಡಿನ ಮೇಲೆ ವರ್ಷಕ್ಕೆ ಬೀಳುವ ನೀರು ಸುಮಾರು 20 ಲಕ್ಷ ಲೀಟರ್. ಶಾಲೆ, ಸಭಾಭವನಗಳ ಮಾಡನ್ನೂ ಸೇರಿಸಿದರೆ ಅದರ ಎರಡು-ಮೂರು ಪಟ್ಟು. ಇದನ್ನು ಸೋಸಿ ಬಾವಿಗೆ ಅಥವಾ ಇಂಗುಗುಂಡಿಗೆ ಬಿಟ್ಟರೆ ಇಗರ್ಜಿಯ ಬಾವಿ ಮಾತ್ರವಲ್ಲ, ಕೆಳಗಿನ ಮನೆಗಳ ಬಾವಿಗಳೂ ಏಪ್ರಿಲ್ ದಾಟುತ್ತವೆ. ಇಳಿಜಾರಿನ ಮೇಲ್ಭಾಗದಲ್ಲಿ ಇಂಗಿಸಿದ ನೀರು ಕೆಳಗಿನವರಿಗೆ ಸಿಗುತ್ತದೆ, ನಮ್ಮ ಹೆಚ್ಚಿನ ಇಗರ್ಜಿಗಳಿರುವುದು ಗುಡ್ಡದ ಮೇಲೆಯೇ. ಬಂಟ್ವಾಳ ತಾಲ್ಲೂಕಿನ ಅಡ್ಯನಡ್ಕದ ಅಮೈ ಮಹಾಲಿಂಗ ನಾಯ್ಕರು ಒಬ್ಬರೇ ಗುಡ್ಡದಲ್ಲಿ ಸುರಂಗಗಳನ್ನು ಕೊರೆದು, ಇಂಗುಗುಂಡಿಗಳನ್ನು ತೋಡಿ ಬರಡು ನೆಲವನ್ನು ತೋಟವನ್ನಾಗಿ ಮಾಡಿದ್ದಕ್ಕೆ 2022ರಲ್ಲಿ ಪದ್ಮಶ್ರೀ ಪಡೆದರು. ಹಿಂದೆ ಮಳೆ ಮುಗಿದ ಕೂಡಲೇ ಊರವರು ಸೇರಿ ತೋಡುಗಳಿಗೆ ಮಣ್ಣು ಕಲ್ಲಿನ ಕಟ್ಟ ಕಟ್ಟುತ್ತಿದ್ದರು. ಎಲ್ಲ ಧರ್ಮದವರೂ ಜೊತೆಯಾಗಿ ಮಾಡುತ್ತಿದ್ದ ಕೆಲಸವದು. ವಾಳೆಯ ಜನ ಒಂದು ಭಾನುವಾರ ಕೊಟ್ಟರೆ ಮರಳು ಚೀಲಗಳಿಂದ ಒಂದು ಕಟ್ಟ ಮುಗಿಯುತ್ತದೆ. ಡಿಸೆಂಬರ್ ಮೊದಲ ವಾರದ ಒಳಗೆ ಆಗಬೇಕು, ಹರಿವು ನಿಂತ ಮೇಲೆ ಕಟ್ಟಿ ಪ್ರಯೋಜನವಿಲ್ಲ.

ಇನ್ನೊಂದು ಕೆಲಸಕ್ಕೆ ಖರ್ಚು ಬಹಳ ಕಡಿಮೆ. ಇಗರ್ಜಿಯ ಆವರಣದಲ್ಲಿ ಮರ, ಮಾಡು ಅಡ್ಡ ಬಾರದ ತೆರೆದ ಜಾಗದಲ್ಲಿ ಒಂದು ಸಾದಾ ಮಳೆಮಾಪಕ ಇಟ್ಟು, ಪ್ರತಿದಿನ ಬೆಳಿಗ್ಗೆ 8.30ಕ್ಕೆ ಅಳತೆ ನೋಡಿ ಪುಸ್ತಕದಲ್ಲಿ ಬರೆದಿಡಬೇಕು. ಹವಾಮಾನ ಇಲಾಖೆ ದಿನದ ಮಳೆಯನ್ನು ಲೆಕ್ಕಹಾಕುವುದು ಇದೇ ಹೊತ್ತಿಗೆ. ಬೆಳಗ್ಗಿನ ಪೂಜೆಗೆ ದಿನವೂ ಬರುವವರು, ಶಾಲೆಯ ಮಕ್ಕಳು ಯಾರಾದರೂ ಇದನ್ನು ಮಾಡಬಹುದು. ಮಳೆಯ ಅಂಕಿಯ ಪಕ್ಕದಲ್ಲೇ ನೇಜಿ ಹಾಕಿದ ದಿನ, ಮೊದಲ ಮದ್ದು ಬಿಟ್ಟ ದಿನ, ಮೊದಲ ತೆನೆ ಕಂಡ ದಿನ ಇವನ್ನೂ ಬರೆದರೆ ಐದಾರು ವರ್ಷಗಳಲ್ಲಿ ಆ ಊರಿಗೇ ಹೊಂದುವ ಲೆಕ್ಕವೊಂದು ಕೈಗೆ ಬರುತ್ತದೆ. ಮುಂದಿನ ಮೊಂತಿ ಫೆಸ್ತ್‌ಗೆ ಯಾವ ಗದ್ದೆಯಲ್ಲಿ, ಯಾವ ವಾರ ಬೀಜ ಹಾಕಬೇಕು ಎಂದು ಗುರಿಕಾರರು ಆ ಪುಸ್ತಕವನ್ನು ನೋಡಿಯೇ ಹೇಳಬಹುದು.